ಕೆಂಪಂದೋ ಬಿಳೇದೋ

ಕಂದೀಲು ಸಣ್ಣ ಮಾಡ್ರಿ. ಆರಸಬ್ಯಾಡ್ರಿ… ಸಣ್ಣ ಮಾಡಿದ್ರ ಸಾಕು.

ಇದು ಯಾರೋ ಕಂಡಿದ್ದು, ಇನ್ಯಾರೋ ಹೇಳಿದ್ದು ಅಲ್ಲ. ನಮ್ಮ ದೊಡ್ಡಪ್ಪನ ಮಗಳು ನೀಲಕ್ಕಗ ಆಗಿದ್ದು. ಮಿಶ್ರಿಕೋಟಿಯೊಳಗ. ಎಪ್ಪತ್ತೆರಡನೇ ಇಸವಿ, ಸುಗ್ಗಿ ಆಗಷ್ಟ ಮುಗದಿತ್ತು. ನಾ ಆಗ ಅದ ಮನ್ಯಾಗ ಇದ್ದೆ.

ಆವತ್ತ ಕಲಘಟಗಿಯಿಂದ ಕಡೇ ಬಸ್ಸು ನೀಲಕ್ಕನ್ನ ಕ್ರಾಸಿನ್ಯಾಗ ಇಳಿಸಿ ಹೋತು. ಅಲ್ಲಿಂದ ಊರಿಗೆ ಒಂದೂವರಿ ಮೈಲಿ. ಒಬ್ಬಾಕಿನ. ಕೈಯಾಗ ಬ್ಯಾಟರಿ ಇತ್ತು, ಆದ್ರ ಸೆಲ್ಲು ಮುಗಿಯಾಕ ಬಂದು ಬೆಳಕು ಮಬ್ಬಾಗಿತ್ತು. ದಾರಿ ನಡುವ ಒಂದು ಆಲದ ಗಿಡ. ಗಿಡದ ಬುಡಕ ಬಾವಿ. ಕಲಘಟಗಿ ಕಟಿಗಿ ಸಾಮಿಲ್ಲಿನ ಸಾವಕಾರ ಶಂಭುಲಿಂಗಪ್ಪನವರ ಹೊಲದ ಬಾವಿ ಅದು. ಆರು ವರ್ಷದಿಂದ ಅದರಾಗಿನ ನೀರು ಯಾರೂ ಮುಟ್ಟಿದ್ದಿಲ್ಲ.

ನೀಲಕ್ಕ ಗಿಡದ ಕೆಳಗ ಬಂದ್ಲು. ಕಾಲಾಗ ಒಣ ಎಲಿ ಚರ್ ಚರ್ ಅಂದ್ವು. ಬಾವ್ಯಾಗ ಏನೋ ಬಿತ್ತು… ಪುಳಕ್. ಆಮ್ಯಾಲ ಏನೂ ಇಲ್ಲ.

"ಯಾವ್ದು ತಗೊಂಡಿ, ತಂಗಿ?"

ಬಾವಿ ಕಟ್ಟಿ ಮ್ಯಾಲ ಒಬ್ಬಾಕಿ ಹೆಣ್ಮಗಳು ಕುಂತಿದ್ಲು. ಬೆನ್ನು ಈ ಕಡೆ. ತಲಿ ಮ್ಯಾಲ ಸೆರಗು. ದನಿ ಅಗದಿ ಸಣ್ಣದು, ಕಿವ್ಯಾಗ ಹೇಳಿದಂಗ.

ನೀಲಕ್ಕ ಹೆದರಲಿಲ್ಲ. ತಾ ಕಾರು ತಗೊಳಾಕ ಹೊಂಟಿದ್ದು ಸುತ್ತ ಹತ್ತು ಊರಿಗೆ ಗೊತ್ತಿತ್ತು. ಯಾರೋ ಹೊಲದಾಕಿ ಕೇಳಾಕತ್ತಾಳ ಅಂದ್ಕೊಂಡ್ಲು.

"ಇನ್ನಾ ತಗೊಂಡಿಲ್ಲಬೇ. ಸಾವಕಾರ್ರು ಬಿಳೇದು ತಗೋ ಅಂತಾರ."

"ನಿನಗ?"

"ಕೆಂಪಂದು."

ಆಕಿ ಸೀರಿ ಅಂಚಿಂದ ನೀರು ಸೋರೂ ಸಪ್ಪಳ ಬರತಿತ್ತು. ತೊಟ್… ತೊಟ್…

"ಮೂರನೇ ಗೇರಿನ್ಯಾಗ ಹಾಡತೈತಿ ಅದು," ಅಂದ್ಲು.

ನೀಲಕ್ಕ ಹೂಂ ಅಂದು ಹತ್ತು ಹೆಜ್ಜಿ ಮುಂದ ಬಂದ್ಲು. ಆವಾಗ ತಲಿಯೊಳಗ ಹೊಕ್ಕಿತು… ಹೊಲದಾಗಿನ ಹೆಣ್ಮಗಳಿಗೆ ಮೂರನೇ ಗೇರಿನ ಮಾತು ಹೆಂಗ ಗೊತ್ತು? ತಿರಗಿ ನೋಡಿದ್ಲು. ಕಟ್ಟಿ ಖಾಲಿ.

ನೀಲಕ್ಕ ಎಂಥಾಕಿ ಅನ್ನೂದು ನಿಮಗ ಹೇಳಬೇಕು. ಮದವಿ ಆಗಿ ಎಂಟು ತಿಂಗಳಿಗೆ, ನಾ ಒಲ್ಲೆ ಅಂತ ಹೇಳಿ ಗಂಡನ ಮನಿ ಬಿಟ್ಟು ಬಂದಾಕಿ. ಯಾಕ ಬಿಟ್ಟಿ ಅಂತ ಮಂದಿ ಕೇಳಿದ್ರ, "ಒಲ್ಲೆ ಅನಿಸ್ತು," ಅಂತಿದ್ಲು, ಅಷ್ಟ. ದೊಡ್ಡಪ್ಪಗ ಲಕ್ವಾ ಹೊಡದ ಮ್ಯಾಲ ಟ್ರ್ಯಾಕ್ಟರ್ ಹತ್ತಿ ಕುಂತ್ಲು. ಹೊಲದ ಕೆಲಸ ಎಲ್ಲಾ ಆಕಿದ. ಆ ವರ್ಷ ಭತ್ತ ಚಲೋ ಬಂತು. ನನಗೊಂದು ಕಾರು ಬೇಕು ಅಂದ್ಲು.

ಆಕಿ ಅಣ್ಣ ಈರಪ್ಪ ಕೇಳಿದ, "ಕಾರು ತಗೊಂಡು ಎಲ್ಲಿಗೆ ಹೋಗಾಕಿ ನೀ?"

"ಎಲ್ಲಿಗೂ ಇಲ್ಲ. ಓಡಸಾಕ."

"ಬರೇ ಓಡಸಾಕ?"

"ಹೌದು. ಬರೇ ಓಡಸಾಕ."

ಶಂಭುಲಿಂಗಪ್ಪ ಸಾವಕಾರ್ರು ವಯಸ್ಸಿನ್ಯಾಗ ಮುಂಬೈಯಿಂದ ಎರಡು ವಿಲಾಯತಿ ಕಾರು ತರಿಸಿದ್ರು. ಎರಡೂ ನೆಲಕ್ಕ ಅಂಟಿಕೊಂಡಂಥವು. ಎರಡ ಸೀಟು, ಮ್ಯಾಲ ಛಪ್ಪರ ಇಲ್ಲ, ಮಳಿ ಬಂದ್ರ ಏರಿಸಾಕ ಒಂದು ತಾಡಪಾಲು. ಒಂದು ಬಿಳೇದು, ಒಂದು ಕೆಂಪು. ಈಗ ಸಾವಕಾರ್ರಿಗೆ ಎರಡೂ ಕಣ್ಣಾಗ ಪರೆ ಬಂದಿತ್ತು. ಎರಡರಾಗ ಒಂದು ಕೊಡ್ತೀನಿ ಅಂದಿದ್ರು.

ಕಲಘಟಗಿ ಮಿಸ್ತ್ರಿ ಮಾಬುಸಾಬ ಎರಡನ್ನೂ ಎಣ್ಣಿ ಹಾಕಿ ಚಾಲೂ ಮಾಡಿಕೊಟ್ಟ. ಆವತ್ತ ಮಧ್ಯಾಹ್ನ ನೀಲಕ್ಕ ಮೊದಲ ಬಿಳೇದು ಓಡಿಸಿದ್ಲು. ಇಂಜಿನ್ ದೊಡ್ಡದು. ಒತ್ತಿದ್ರ ಸೀದಾ ರಸ್ತಾದ ಮ್ಯಾಲ ಗುಂಡು ಬಿಟ್ಟಂಗ ಹೋಗತಿತ್ತು. ಆದ್ರ ತಿರುವಿನ್ಯಾಗ ಭಾರ. ಸ್ಟೇರಿಂಗ್ ತಿರವಿದಮ್ಯಾಲ ಒಂದು ಗಳಿಗಿ ಬಿಟ್ಟು ತಿರಗತಿತ್ತು, ತನಗ ಮನಸ್ಸು ಬಂದಾಗ. ಗೇರು ಹಾಕಿದ್ರ ಕೈ ನೋಯತಿತ್ತು.

ಆಮ್ಯಾಲ ಕೆಂಪಂದು. ಇಂಜಿನ್ ಸಣ್ಣದು. ಬಿಳೇದರಷ್ಟು ಜೋರು ಇಲ್ಲ. ಆದ್ರ ಹುಣಸಿ ಗಿಡದ ತಿರುವಿಗೆ ಬಂದಾಗ ನೀಲಕ್ಕ ಕೈ ಆಡಸೂದಕ್ಕಿಂತ ಮೊದಲ ಅದು ತಿರಗಿಬಿಡ್ತು. ರಸ್ತಾದಾಗಿನ ಒಂದೊಂದು ಹರಳು ಅಂಗೈಗೆ ತಿಳೀತಿತ್ತು. ಗೇರು ಬೆಣ್ಯಾಗ ಚಮಚ ಇಟ್ಟಂಗ. ಆಕಿ ನಕ್ಕೋತ ವಾಪಸ್ ಬಂದ್ಲು. ಆಕಿ ಹಂಗ ನಕ್ಕಿದ್ದು ನಾ ನೋಡಿದ್ದ ಇಲ್ಲ ಅಂತ ಮಾಬುಸಾಬ ಆಮ್ಯಾಲ ಹೇಳಿದ.

"ಹೆಂಗ ಅನಿಸ್ತ್ರಿ ಅಕ್ಕಾರ?"

"ನೀ ಹೇಳು ಮಾಬುಸಾಬ."

"ಬಿಳೇದು ಓಡತೈತ್ರಿ. ಕೆಂಪಂದು ಕುಣೀತೈತ್ರಿ."

ಸಾವಕಾರ್ರು ಕುರ್ಚಿ ಮ್ಯಾಲಿಂದ ಏಳದ ಹೇಳಿದ್ರು. "ಕೆಂಪಂದು ಬ್ಯಾಡವಾ. ಬಿಳೇದು ತಗೋ."

"ಯಾಕ್ರಿ?"

ಅವರು ಕೆಂಪು ಕಾರಿನ ಕೀಲಿ ಇಸಗೊಂಡು ಕಿಸೆದಾಗ ಹಾಕ್ಕೊಂಡ್ರು. ನೀಲಕ್ಕ, ನಾಳಿ ಬರ್ತೀನಿ ಅಂದು ಬಸ್ಸಿಗೆ ಬಂದ್ಲು. ಆ ರಾತ್ರಿನ ಬಾವಿ ಹತ್ರ ಆ ಮಾತಾಗಿದ್ದು.

ಮನಿಗೆ ಬಂದು ಹೇಳಿದ್ಲು. ಈರಪ್ಪ ಉಣ್ಣೂ ತಾಟು ಬಾಜು ಸರಿಸಿದ. "ಆ ಬಾವಿ ಹತ್ರ ಈ ಹೊತ್ತಿನ್ಯಾಗ ಯಾರೂ ಇರೂದಿಲ್ಲ, ನೀಲಾ… ಕಾರಿನ ಮಾತ ಬ್ಯಾಡ."

ಮರುದಿನ ನೀಲಕ್ಕ ಮೊದಲ ಮಾಬುಸಾಬನ ಅಂಗಡಿಗೆ ಹೋದ್ಲು. ಬಾವಿ ಹತ್ರ ಕಂಡಾಕಿ ಯಾರು ಅಂತ ಒತ್ತಿ ಕೇಳಿದ್ಲು. ಆಮ್ಯಾಲ ಅವ ದನಿ ಇಳಿಸಿ ಹೇಳಿದ.

ಅದು ಸಾವಕಾರ್ರ ಹೆಂಡತಿ ರೇವವ್ವ, ಗಿಡ್ಡನ್ನ ಹೆಣ್ಮಗಳು. ಮದವಿಯಾಗಿ ಬಂದಾಗಿಂದ ಆಕಿಗೆ ಕೆಂಪು ಕಾರಿನ ಹುಚ್ಚು. ಒಮ್ಮೆರ ಬಾಜು ಕುಂದ್ರಸ್ರಿ ಅಂತಿದ್ಲು. ಸಾವಕಾರ್ರು ಹನ್ನೊಂದು ವರ್ಷ ಕುಂದ್ರಸಲಿಲ್ಲ. ಆಕಿ ಪಡಸಾಲ್ಯಾಗ ಕುಂತು ಸಪ್ಪಳದ ಮ್ಯಾಲ ಗೇರು ಎಣಸ್ತಿದ್ಲು. ಈಗ ಎರಡು, ಈಗ ಮೂರು ಅಂತ. ಆರು ವರ್ಷದ ಹಿಂದ ಒಂದು ರಾತ್ರಿ ಸಾವಕಾರ್ರು ಮಲಗಿದಾಗ ಕೀಲಿ ತಗೊಂಡು ತಾನ ಹೊರಗ ತಂದ್ಲು. ಯಾರೂ ಕಲಿಸಿದ್ದಿಲ್ಲ. ಬರೇ ಕೇಳಿ ಕಲತಿದ್ಲು. ಬಾವಿತನಕ ಓಡಿಸಿಕೊಂಡು ಹೋದ್ಲು…

"ಬೆಳಿಗ್ಗೆ ನಾನ ಹೋಗಿದ್ದೆ ಅಕ್ಕಾರ, ಗಾಡಿ ತರಾಕ," ಅಂದ ಮಾಬುಸಾಬ. "ಕೆಂಪು ಕಾರು ಬಾವಿ ಬಾಜು ನಿಂತಿತ್ತು. ಬಾಗಲಾ ತೆರದಿತ್ತು. ಇಂಜಿನ್ ಚಾಲೂ ಇತ್ತು. ಆಕಿ ಬಾವ್ಯಾಗ. ಕಾಲು ಜಾರಿತು ಅಂದ್ರು." ಕೈ ಒರಸಿಕೊಂಡ. "ಕೆಂಪು ಕಾರಿನ ಹಿಂದ ಮಣ್ಣಿನ್ಯಾಗ ಇನ್ನೊಂದು ಗಾಡಿ ಗಾಲಿ ಗುರುತು ಇತ್ತು. ಅಗಲ ಗಾಲಿ. ಬಿಳೇದರದು. ನಾ ಯಾರಿಗೂ ಹೇಳಿಲ್ಲ."

ನೀಲಕ್ಕ ಅಲ್ಲಿಂದ ಸೀದಾ ಸಾಮಿಲ್ಲಿಗೆ ಹೋದ್ಲು. "ಕೆಂಪಂದು ಕೊಡ್ರಿ," ಅಂದ್ಲು.

"ಹೇಳೀನಲ್ಲವಾ. ಬ್ಯಾಡ."

"ರೇವವ್ವಾರು ಹೆಂಗ ಸತ್ತ್ರು, ಸಾವಕಾರ್ರ?"

ಸಾವಕಾರ್ರು ಕೈಯಾಗಿನ ಕೀಲಿ ಗೊಂಚಲು ತಡವಿದ್ರು. ಆಮ್ಯಾಲ ಒಂದು ಕೀಲಿ ತಗದು ಮೇಜಿನ ಮ್ಯಾಲ ಇಟ್ಟ್ರು. "ಕತ್ತಲಾದಮ್ಯಾಲ ಬಾವಿ ದಾರಿ ಹಿಡೀಬ್ಯಾಡ."

"ಅದು ನಮ್ಮ ಮನೀ ದಾರಿ ಐತ್ರಿ."

ಆಕಿ ಬೇಕಂತ ಹೊತ್ತು ಮುಳಗೂತನಕ ಕಲಘಟಗಿಯೊಳಗ ಇದ್ಲು. ಟಾಕಿ ತುಂಬ ಪೆಟ್ರೋಲ್ ಹಾಕಿಸಿದ್ಲು. ಕತ್ತಲಾದಮ್ಯಾಲ ಹೊಂಟ್ಲು. ಆವತ್ತ ಅಮಾಸಿ ಹತ್ರ. ಚಂದ್ರ ಇಲ್ಲ.

ಕ್ರಾಸು ದಾಟಿತು. ಆಲದ ಗಿಡ ಲೈಟಿನ್ಯಾಗ ಕಂಡಿತು. ಅಲ್ಲಿತನಕ ಚಲೋ ಓಡಿದ ಇಂಜಿನ್ ಒಮ್ಮೆ ಕೆಮ್ಮಿತು… ನಿಂತುಬಿಡ್ತು. ಗಾಡಿ ತಾನ ಉರಳತಿತ್ತು. ಆಗ ಎಡಗಡೆ ಸೀಟಿನ ಸ್ಪ್ರಿಂಗು ಕಿರ್ರ್… ಅಂತ ಕೆಳಗಿಳೀತು. ಯಾರೋ ಕುಂತಂಗ. ಪಾಚಿ ವಾಸನಿ ಬಂತು. ಮಗ್ಗಲಕ್ಕ ತೊಟ್… ತೊಟ್…

ನೀಲಕ್ಕ ಆ ಕಡೆ ನೋಡಲಿಲ್ಲ. ನೋಡಬೇಕಂದ್ರ ಕುತಿಗಿ ತಿರಗಲಿಲ್ಲ ಅಂತ ಹೇಳಿದ್ಲು.

ಸ್ಟೇರಿಂಗ್ ಎಡಕ್ಕ ಎಳೀತು. ಆಕಿ ಬಲಕ್ಕ ಹಿಡದ್ಲು. ಅದು ಮತ್ತ ಎಡಕ್ಕ ಎಳೀತು. ಟ್ರ್ಯಾಕ್ಟರ್ ಹಿಡದ ಕೈ ಆಕಿವು, ಆದ್ರೂ ತಡೀಲಿಲ್ಲ. ಗಾಡಿ ರಸ್ತಾ ಬಿಟ್ಟು ಇಳೀತು. ಬ್ರೇಕು ತುಳದ್ಲು, ಪೆಡಲು ಸುಮ್ಮನ ಕೆಳಗ ಹೋತು. ಲೈಟಿನ್ಯಾಗ ಬಾವಿ ಕಟ್ಟಿ ಬರಾಕತ್ತಿತ್ತು. ಎರಡೂ ಕೈಲೆ ಹ್ಯಾಂಡ್‌ಬ್ರೇಕ್ ಜಗ್ಗಿದ್ಲು. ಖರ್ರ್… ಮುಂದಿನ ಗಾಲಿ ಕಟ್ಟಿ ಕಲ್ಲಿಗೆ ಬಡದು ನಿಂತಿತು. ಒಂದು ಹರಳು ಬಾವ್ಯಾಗ ಬಿತ್ತು. ಪುಳಕ್.

ನೀಲಕ್ಕಗ ಅಳು ಬಂದಿತ್ತು ಅಂತ ಆಕಿನ ಹೇಳಿದ್ಲು. ಆಮ್ಯಾಲ ಸಿಟ್ಟು ಬಂತಂತ.

"ಕೇಳಬೇ," ಅಂದ್ಲು, ಮುಂದ ನೋಡ್ಕೋತನ. "ಬಾವಿಗೆ ಹೋಗೂದಿದ್ರ ನಾ ಬರೂದಿಲ್ಲ. ಅಲ್ಲಿಗೆ ನಿನ್ನ ಕಳಿಸಿದಾವ ಬ್ಯಾರೆ. ನಾ ಅಲ್ಲ. ರಸ್ತಾಕ್ಕ ಹೋಗೂದಿದ್ರ ಬಾ."

ಆಲದ ಗಿಡದಾಗ ಒಂದು ಎಲಿ ಸೈತ ಅಲ್ಲಾಡಲಿಲ್ಲ.

ಆಮ್ಯಾಲ ಆಕಿ ಕೈ ಮ್ಯಾಲ ಒಂದು ಕೈ ಬಂತು. ಬಾವಿ ನೀರಿನಷ್ಟು ತಣ್ಣಗ. ಕಿವಿ ಹತ್ರ ಆ ಸಣ್ಣ ದನಿ…

"ನಾ ಓಡಸಲಿ?"

ನೀವಾಗಿದ್ರ ಏನು ಮಾಡ್ತಿದ್ರಿ? ನಾ ಆಗಿದ್ರ ಊರತನಕ ಓಡಿ ಬರತಿದ್ದೆ. ನೀಲಕ್ಕ ಬಾಗಲಾ ತೆರದು ಇಳದ್ಲು. ಮುಂದಿಂದ ಸುತ್ತು ಹಾಕಿ ಎಡಗಡೆ ಬಂದ್ಲು. ಸೀಟು ಹಸಿ ಆಗಿತ್ತು. ಅದರ ಮ್ಯಾಲನ ಕುಂತ್ಲು.

"ಓಡಸು," ಅಂದ್ಲು.

ಊರಿನ ಅಗಸಿ ಬಾಗಲದಾಗ ಈರಪ್ಪ ತಂಗಿ ದಾರಿ ಕಾಯ್ಕೋತ ನಿಂತಿದ್ದ. ಅವ ಕಣ್ಣಾರೆ ನೋಡ್ಯಾನ. ಕೆಂಪು ಕಾರು ಬಂತು, ನಿಲ್ಲದ ಹೋತು. ನೀಲಕ್ಕ ಎಡಗಡೆ ಕುಂತಿದ್ಲು, ಎರಡೂ ಕೈ ತೊಡಿ ಮ್ಯಾಲ. ಬಲಗಡೆ ಸೀಟು ಖಾಲಿ. ಆದ್ರ ಸ್ಟೇರಿಂಗ್ ತಿರಗಾಕತ್ತಿತ್ತು, ಬಾಳ ಹುಷಾರಿಲೆ, ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ.

ನಾ ಮನ್ಯಾಗಿದ್ದೆ. ನಾ ನೋಡಿಲ್ಲ. ಕೇಳೀನಿ. ಮೊದಲನೇ ಗೇರು ಗುರ್ ಅಂತು. ಎರಡನೇದು ಏರಿತು. ಮೂರನೇದಕ್ಕ… ಹೆಂಗ ಹೇಳಲಿ ನಿಮಗ. ಹಾಡಿತು. ಊರಾಗಿನ ನಾಯಿ ಒಂದೂ ಬೊಗಳಲಿಲ್ಲ.

ದುಮ್ಮವಾಡದ ದಾರಿ ಹಿಡದು ಹೋದ್ರಂತ. ಅಲ್ಲಿಂದ ಸುತ್ತು ಹಾಕಿ ಕಲಘಟಗಿ. ಸಾಮಿಲ್ಲಿನ ಮುಂದ ಬಂದಾಗ ಗಾಡಿ ಸಾವಕಾಶ ಆತು. ಹಾರ್ನ್ ಮೂರು ಸಲ ಒದರಿತು. ಮಾಳಿಗಿ ಮ್ಯಾಲ ದೀಪ ಹತ್ತಿತು. ಸಾವಕಾರ್ರು ಕಿಟಕಿಗೆ ಬಂದ್ರು. ಕಣ್ಣು ಕಾಣತಿದ್ದಿಲ್ಲ, ಕಿವಿ ಕೇಳತಿದ್ವು.

"ರೇವಾ," ಅಂದ್ರು. "ಗಾಡಿ ನಿಲ್ಸು."

ಗಾಡಿ ನಿಲ್ಲಲಿಲ್ಲ. ಸಾಮಿಲ್ಲಿನ ಸುತ್ತ ಇನ್ನೊಂದು ಸುತ್ತು ಹಾಕಿತು. ಆಮ್ಯಾಲ ಹೊಂಟಿತು, ಎರಡು… ಮೂರು…

ಕೋಳಿ ಕೂಗೂ ಹೊತ್ತಿಗೆ ನಮ್ಮ ಅಂಗಳಕ್ಕ ಬಂದು ನಿಂತಿತು. ಟಾಕಿ ಖಾಲಿ. ನೀಲಕ್ಕ ಇಳದ್ಲು. ಕೂದಲು ಬಿಚ್ಚಿದ್ವು, ಮಾರಿ ಮ್ಯಾಲ ಧೂಳು. ಖಾಲಿ ಸೀಟಿಗೆ ಏನೋ ಹೇಳಿದ್ಲು. ನಾ ಬಾಗಲದಾಗ ನಿಂತು ಕೇಳಿಸ್ಕೊಂಡೆ.

"ಪೆಟ್ರೋಲ್ ಹಾಕಸ್ತೀನಿ," ಅಂದಿದ್ಲು. "ನಿನಗ ಬೇಕಾದಾಗ ಬಾ."

ಈರಪ್ಪ ಮಂತ್ರ ಹಾಕೂ ಸ್ವಾಮಿನ್ನ ಕರಸ್ತೀನಿ ಅಂದ. ಲಿಂಬಿಹಣ್ಣು, ಕುಂಬಳಕಾಯಿ, ಎಲ್ಲಾ ತಂದಿಟ್ಟ. ನೀಲಕ್ಕ ಅಡ್ಡ ನಿಂತ್ಲು.

"ಯಾರ್ನೂ ಕರಸಬ್ಯಾಡಣ್ಣಾ. ಏನಾಗೇತಿ ಈಗ? ಒಬ್ಬಾಕಿ ಹೆಣ್ಮಗಳು ಗಾಡಿ ಓಡಿಸ್ಯಾಳ. ಅಷ್ಟ."

"ಸತ್ತಾಕಿ ಅಲ್ಲೇನ ಆಕಿ?"

"ಸತ್ತಮ್ಯಾಲರ ಓಡಿಸಲಿ."

ಕುಂಬಳಕಾಯಿ ಆವತ್ತ ಪಲ್ಯ ಮಾಡಿದ್ವಿ. ಕಾರು ಮನ್ಯಾಗ ಉಳೀತು. ಬಿಳೇದನ್ನ ಆಮ್ಯಾಲ ಯಾರೂ ತಗೊಳ್ಳಲಿಲ್ಲ. ಸಾವಕಾರ್ರು ಸಾಮಿಲ್ಲಿನ್ಯಾಗ ಅದರ ಮ್ಯಾಲ ಕಟಿಗಿ ಒಟ್ಟಿಸಿದ್ರಂತ. ಬಾವಿ ಕಟ್ಟಿ ಮ್ಯಾಲ ಮತ್ತ ಯಾರಿಗೂ ಯಾರೂ ಕಂಡಿಲ್ಲ.

ನಗಬ್ಯಾಡ್ರಿ. ನಂಬೂದು ಬಿಡೂದು ನಿಮಗ ಬಿಟ್ಟಿದ್ದು. ಆದ್ರ ಇದೊಂದು ಕೇಳ್ರಿ. ಆವತ್ತ ಬೆಳಿಗ್ಗೆ ಮಾಬುಸಾಬ ಬ್ರೇಕು ನೋಡಾಕ ಬಂದ. ಓಡಸಾವರ ಸೀಟಿನ್ಯಾಗ ಕುಂದ್ರಾಕ ಹೋದ, ಕುಂದ್ರಾಕ ಬರಲಿಲ್ಲ. ಸೀಟು ನಾಕು ಬಟ್ಟು ಮುಂದ ಸರದಿತ್ತು. ನೀಲಕ್ಕ ಗಂಡಸರಷ್ಟು ಎತ್ತರದಾಕಿ, ಆಕಿ ಹಂಗ ಸರಿಸ್ಕೊಂಡು ಓಡಸಾಕ ಸಾಧ್ಯನ ಇಲ್ಲ. ಮಾಬುಸಾಬ ಬಗ್ಗಿ ಕೆಳಗ ನೋಡಿದ. ನನ್ನೂ ಕರದು ತೋರಿಸಿದ. ಸೀಟು ಸರಿಸಾಕ ಬಿಚ್ಚೂ ನಾಕೂ ಬೋಲ್ಟು ತುಕ್ಕು ಹಿಡದು ಕಬ್ಬಿಣಕ್ಕ ಕಬ್ಬಿಣ ಅಂಟಿದ್ವು. ತುಕ್ಕಿನ ಮ್ಯಾಲ ಒಂದು ಗೀರು ಸೈತ ಇರಲಿಲ್ಲ. ನಾ ಬಟ್ಟಿಲೆ ಮುಟ್ಟಿ ನೋಡೀನಿ.