ತೋಳ ನೋಡಿದ ನಡಿಗೆ

...ಅಯ್ಯೋ, ಕಚ್ಚೋದಿಲ್ಲ ಅಕ್ಕ! ಎಷ್ಟು ಸಲ ಹೇಳ್ಲಿ? ಇಷ್ಟು ವರ್ಷ ಊರೂರು, ದೇಶ ದೇಶ ಅಲೆದು, ಬೇಲಿಯೊಳಗೆ ತೋಳಗಳನ್ನ ಸಾಕಿದ್ದೀನಿ. ಬೆರಳೆಲ್ಲ ಇನ್ನೂ ಇವೆ, ಬೇಕಾದ್ರೆ ಎಣಿಸ್ಕೋ. ತೋಳ ಅಂದ್ರೆ ಬರೀ ಹಲ್ಲು ಅಂದ್ಕೊಂಡಿದ್ದೀಯ ನೀನು. ಹಲ್ಲು ಕೊನೇ ಮಾತು ಕಣೆ. ಅದಕ್ಕೂ ಮೊದಲು ಬಾಲ ಇದೆ, ಕಿವಿ ಇದೆ, ಬೆನ್ನಿನ ಕೂದಲಿದೆ...

ಭಾವನವರನ್ನೇ ತಗೋ. ಈಗ ತಾನೇ ಬಾಗಿಲಲ್ಲಿ ನಿಂತು, "ಇನ್ನೊಂದು ಲೋಟ ಚಹಾ ಆಗುತ್ತಾ?" ಅಂತ ಕೇಳಿದ್ರಲ್ಲ, ತಲೆ ತಗ್ಗಿಸಿ, ಭುಜ ಇಳಿಸಿ... ಬಾಲ ಇದ್ದಿದ್ರೆ ಕಾಲ ಸಂದಿಗೇ ಹೋಗಿರ್ತಿತ್ತು! ಯಾಕೆ ನಗ್ತೀಯ? ನಿಜ! ಚಿಕ್ಕ ತೋಳಗಳು ತಾಯಿ ಹತ್ರ ಬರೋದೇ ಹಾಗೆ. ಕಿವಿ ಹಿಂದಕ್ಕೆ, ಮೈ ನೆಲಕ್ಕೆ, ಮೂತಿ ನೆಕ್ಕಿ, "ತಿನ್ನೋಕೆ ಏನಾದ್ರೂ ಇದೆಯಾ?" ಅಂತ. ಭಾವ ನೆಕ್ಕೋದೊಂದು ಬಾಕಿ. ಮೆತ್ತಗೆ ನಗೇ, ಕೇಳಿಸ್ಕೊಂಡಾರು.

ತೋಳದ ಗುಂಪು ಅಂದ್ರೆ ಒಬ್ಬ ದೊರೆ, ಮಿಕ್ಕವರೆಲ್ಲ ಆಳುಗಳು ಅಂತಾರೆ ಜನ. ಸುಳ್ಳು. ಅಪ್ಪ, ಅಮ್ಮ, ಮಕ್ಕಳು... ಅಷ್ಟೇ. ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಅನ್ನೋದು ಮೈಯಲ್ಲೇ ಕಾಣುತ್ತೆ. ನಮ್ಮಲ್ಲಾದ್ರೆ ಪಾತ್ರೆ ಕುಕ್ಕಬೇಕು!

ಮತ್ತೆ... ತೋಳಗಳು ನಡಿಗೆ ನೋಡ್ತವೆ, ಕುಂಟೋದು ಕಂಡ್ರೆ ಮೇಲೆ ಬೀಳೋಣ ಅನ್ಸುತ್ತೆ ಅವಕ್ಕೆ. ಅದಕ್ಕೇ ನಮ್ಮಲ್ಲೊಂದು ಪದ್ಧತಿ. ಬೇಲಿ ಬಾಗಿಲು ತೆಗೆಯೋ ಮುಂಚೆ ಜೊತೆಗಾರರ ಮುಂದೆ ನಡೆದು ತೋರಿಸಬೇಕು. ಚೂರು ಕುಂಟಿದ್ರೂ ಅವತ್ತು ಆಚೆಗೇ. ನಾನೋ, ಹಳೇ ಹುಲಿ. ನನ್ನನ್ನ ಯಾರು ನಡೆಸಿ ನೋಡ್ತಾರೆ? ಕೈ ಬೀಸ್ಕೊಂಡು ಒಳಗೆ ಹೋಗ್ತಿದ್ದೆ.

ಹೋದ ತಿಂಗಳು ಏನಾಯ್ತು ಗೊತ್ತಾ? ದೊಡ್ಡ ಹೆಣ್ಣು ತೋಳ, ನಾನೇ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು, ಎದುರಿಗೆ ಬಂದು ನಿಂತಳು. ಬಾಲ ನೆಟ್ಟಗೆ! ಆಟಕ್ಕೆ ಕರೀತಿದ್ದಾಳೆ ಅಂದ್ಕೊಂಡೆ. ಆಟಕ್ಕಾದ್ರೆ ಮುಂಗಾಲು ಬಗ್ಗಿಸಿ ಹಿಂಬದಿ ಎತ್ತಬೇಕು. ನಂಗೆ ಗೊತ್ತಿಲ್ವಾ? ಆದ್ರೂ ಹಾಗಂದ್ಕೊಂಡೆ. ಅವಳು ನನ್ನ ಮುಖ ನೋಡ್ಲೇ ಇಲ್ಲ ಅಕ್ಕ. ಎಡಗಾಲನ್ನೇ ನೋಡ್ತಿದ್ದಳು. ಆಮೇಲೆ ಭುಜದಿಂದ ಮೆಲ್ಲಗೆ ಒಂದು ತಳ್ಳು... ನಾನು ಧೊಪ್ ಅಂತ ಅಂಗಾತ! ತೋಳಗಳ ಭಾಷೇಲಿ ಅದಕ್ಕೆ "ಸೋತೆ, ಬಿಟ್ಬಿಡು ತಾಯಿ" ಅಂತ ಅರ್ಥ. ಹಹ್ಹಾ...

ನಗು. ಇದು ನಗೋ ಜಾಗ ಕಣೆ.

...ಏನೂ ಆಗ್ಲಿಲ್ಲ. ಜೊತೆಗಾರರು ಎಬ್ಬಿಸಿ ಕರ್ಕೊಂಡು ಬಂದ್ರು. "ಸ್ವಲ್ಪ ರಜೆ ತಗೊಳ್ಳಿ" ಅಂದ್ರು, ತಗೊಂಡೆ. ಅಷ್ಟೇ. ಯಾಕೆ ಹಾಗೆ ನೋಡ್ತೀಯ? ಕಾಲಲ್ಲೇನಿದೆ? ಬಸ್ಸಲ್ಲಿ ಕೂತು ಕೂತು ಜೋಮು ಹಿಡಿದಿದೆ, ಅಷ್ಟೇ...

ಎಲ್ಲಿಗೆ ಎದ್ದೆ? ಅಕ್ಕ... ನನ್ನ ಪೆಟ್ಟಿಗೇನ ಆ ಕಡೆ ಯಾಕೆ ಎಳೀತೀಯ? ಯಾವಾಗ ಬಂದ್ರೂ ನಂಗೆ ಮಹಡಿ ಕೋಣೆ ತಾನೇ? ಅಯ್ಯೋ, ಈ ಕೆಳಗಿನ ಕೋಣೆಯಿಂದ ಭಾವನವರ ಪುಸ್ತಕ ಎಲ್ಲ ಯಾಕೆ ತೆಗೀತೀಯ, ಪಾಪ ಅವರು ಎಲ್ಲಿ ಓದ್ತಾರೆ? ಎರಡೇ ದಿನ ಅಂದ್ನಲ್ಲ. ಮೆಟ್ಟಿಲು ಹತ್ತಬಲ್ಲೆ. ಹತ್ತಬಲ್ಲೆ ಅಂದೆ! ಬೇಕಾದ್ರೆ ಬೈದುಬಿಡೇ...

ಸರಿ. ರಜೆ ಅಲ್ಲ. ಇನ್ನು ಬೇಲಿ ಒಳಗೆ ಬಿಡಲ್ವಂತೆ. ಕಾಲು ಸರಿಹೋಗೋದಲ್ಲ ಅಂದ್ರು ಡಾಕ್ಟರು.

...ಮಂಚ ಕಿಟಕಿ ಪಕ್ಕಕ್ಕೆ ಹಾಕ್ತೀಯಾ ಅಕ್ಕ? ರಸ್ತೆ ಕಾಣೋ ಹಾಗೆ.