ಸೋದರಮಾವನ ಓಲೆ

ಮಧುಗಿರಿ ಬಸ್ ನಿಲ್ದಾಣದಲ್ಲಿ ಬ್ಯಾಗನ್ನು ಎದೆಗವುಚಿ ಕೂತಿದ್ದ ಬಿಂದುಶ್ರೀಯ ಕಿವಿ ಪಕ್ಕದ ಗಂಡಹೆಂಡಿರ ಮಾತಿನತ್ತ ತಾನಾಗಿಯೇ ಹೊರಳಿತು.

“ನಿನ್ ಟ್ಯಾಕ್ಸ್ ರಿಫಂಡ್ ಬರ್ಲಿ, ನಮ್ ತಂಗಿ ಮಗೂಗೆ ಓಲೆ ತಗೊಳಾಣ. ಕಿವಿ ಚುಚ್ಚಿಸೋವಾಗ ಸೋದರಮಾವ ಬರಿಗೈಲಿ ಹೋಗಕಾಯ್ತದಾ?”

“ಅದು ನನ್ ಸ್ಕೂಟರ್‌ಗೆ ಕಣ್ರೀ. ದಿನಾ ಮಿಡಿಗೇಶಿ ಬಸ್ ಕಾದು, ಸ್ಕೂಲಿಗೆ ತಡವಾಗಿ ಬೈಸ್ಕೊಳೋಳು ನಾನು.”

“ತಂಗಿಗೆ ಒಪ್ಕೊಂಡ್ಬುಟ್ಟಿದೀನಲ್ಲೇ!”

“ನನ್ನ ಕೇಳಿದ್ರಾ? ನಮ್ ಪಾಪುಗೆ ಓಲೆ ತರೋವಾಗ ನಮ್ಮಣ್ಣ ಅತ್ತಿಗೆಯ ದುಡ್ಡು ಮುಟ್ಟಿದ್ನಾ?”

ಜಗಳವಾದೀತೆಂದು ಬಿಂದುಶ್ರೀ ಉಸಿರು ಬಿಗಿಹಿಡಿದಳು. ಅಷ್ಟರಲ್ಲಿ ಅವರ ಬಸ್ಸು ಬಂತು.

“ಓಲೆಗೆ ನಾನೇ ಏನಾದ್ರೂ ಮಾಡ್ತೀನಿ ಬುಡು,” ಎನ್ನುತ್ತ ಅವನು ಎದ್ದ. “ಸ್ಕೂಟರ್ ಯಾವ ಬಣ್ಣದ್ದು ನೋಡಿದೀಯ?”

ಮೆಟ್ಟಿಲೇರುತ್ತ ಅವಳು ನಗುತ್ತಾ ಏನೋ ಹೇಳಿದಳು. ಬಿಂದುಶ್ರೀ ಕತ್ತು ಚಾಚಿದರೂ ಬಣ್ಣ ಕೇಳಿಸಲಿಲ್ಲ.