ಹದಿನೆಂಟನೆಯ ಬೋರ್ಡು

ಶಿರಸಿ ಬಸ್ ನಿಲ್ದಾಣದಲ್ಲಿ ನಾನು ಸಿದ್ದಾಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದವಳನ್ನು ಜೊತೆಗಿದ್ದ ಹಿರಿಯರು ಸ್ಫೂರ್ತಿ ಎಂದು ಕರೆಯುತ್ತಿದ್ದರು. ಅವರು ಮಾತ್ರ ಕೂತಲ್ಲಿ ಕೂರುತ್ತಿರಲಿಲ್ಲ.

"ಹದಿನೆಂಟು ಆಸ್ಪತ್ರಿ ಸರ್ಕ್ಯೂಟ್ ಬೋರ್ಡಿಗೆ ನಮ್ಮ ಸರ್ವರ್‌ನಿಂದ ಅಪ್‌ಡೇಟ್ ಹೋತು ಸರ್. ಹದಿನೇಳು ಮತ್ತ ಚಾಲೂ ಆದುವು. ಮಂಚಿಕೇರಿದು ಆಗವಲ್ದು."

"ಲಸಿಕಿ ಫ್ರಿಜ್ ಕಾಯೂದು?"

"ಹೂಂ ರೀ. ಈಗ ಫ್ರಿಜ್ ಬಿಸಿ ಆದ್ರೂ ನಮಗ ಗೊತ್ತಾಗೂದಿಲ್ಲ."

"ಮೊದ್ಲು ನಮ್ಮಲ್ಲಿರೋ ಬೋರ್ಡಿಗೆ ಹಾಕಿ ನೋಡಿದ್ದಿ, ಹೌದಿಲ್ಲೊ?"



"ಇಲ್ರಿ. ಸಣ್ಣ ಬದಲಾವಣಿ ಅಂತ ಹಂಗೇ ಕಳಿಸಿದೆ."

"ನಾನೂ ಕೇಳಲಿಲ್ಲ. ಮಂಚಿಕೇರಿ ನರ್ಸ್‌ಗೆ ಇನ್ನೊಮ್ಮೆ ಫೋನ್ ಹಚ್ಚು."

ಐದನೆಯ ಸಲಕ್ಕೆ ಫೋನ್ ಎತ್ತಿದರು. ಸ್ಫೂರ್ತಿ ಸ್ಪೀಕರ್ ಹಾಕಿದಳು.

"ಅಕ್ಕಾ, ಫ್ರಿಜ್ಜಿನೊಳಗ ಎಷ್ಟು ಡಿಗ್ರಿ ಐತಿ, ನೋಡಿ ಹೇಳ್ತೀರೇನು?"

"ಈಗಷ್ಟೇ ನೋಡಿದೆ, ನಾಲ್ಕು. ಬೋರ್ಡು ಬಂದ ಮೇಲೂ ನಾನು ದಿನಾ ಎರಡು ಸಲ ಥರ್ಮಾಮೀಟರ್ ನೋಡಿ ಬರೆದಿಡ್ತೇನೆ."

ಸ್ಫೂರ್ತಿ ಹಣೆ ಒತ್ತಿಕೊಂಡಳು. ಹಿರಿಯರು ಮೊದಲ ಸಲ ಬೆಂಚಿಗೆ ಒರಗಿದರು.

"ಆದರೆ ನಾಳೆಯಿಂದ ನನಗೆ ಮೂರು ದಿನ ರಜೆ," ಎಂದಿತು ಫೋನು. "ನಿಮ್ಮ ಬೋರ್ಡು ಇದೆ ಅಂತಲೇ ಹಾಕಿದ್ದು."

ಮಂಚಿಕೇರಿ ಮೇಲೆ ಹೋಗುವ ಯಲ್ಲಾಪುರದ ಬಸ್ಸು ಬಂತು. ಇಬ್ಬರೂ ಅದರ ಬಾಗಿಲ ಕಡೆ ಓಡಿದರು. ಲ್ಯಾಪ್‌ಟಾಪ್ ಮುಚ್ಚಲೂ ಅವಳು ನಿಲ್ಲಲಿಲ್ಲ.